ಕಾರವಾರದಲ್ಲಿ ಜೋರು ಗಾಳಿಗೆ ವಿಂಡ್‌ಸರ್ಫಿಂಗ್ ಕಲಿಯುವುದು ಹೇಗೆ?

ಘಟ್ಟದ ಮೇಲಿನವ (ಪ್ರಶ್ನೆ)

ನಾನು ಶಿರಸಿಯವನು, ಹೊಳೆಯಲ್ಲಿ ಈಜಿ ಬೆಳೆದವನೇ ಹೊರತು ಕಡಲಿನವನಲ್ಲ. ಜನವರಿಯಿಂದ ಈಚೆಗೆ ತಿಂಗಳಿಗೆರಡು ಸಲ ಘಟ್ಟ ಇಳಿದು ಕಾರವಾರಕ್ಕೆ ಬಂದು ವಿಂಡ್‌ಸರ್ಫಿಂಗ್, ಎಂದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವುದನ್ನು, ಕಲಿಯುತ್ತಿದ್ದೇನೆ. 180 ಲೀಟರಿನ ಅಗಲವಾದ ಬೋರ್ಡ್ ಮತ್ತು 5.5 ಚದರ ಮೀಟರಿನ ಹಾಯಿ, ಎರಡೂ ಬಾಡಿಗೆಯವು. ಗಾಳಿ ಮೆಲ್ಲಗಿದ್ದ ದಿನಗಳಲ್ಲಿ ಹಾಯಿಯನ್ನು ಎತ್ತಿ, ನೂರು ಮೀಟರಿನಷ್ಟು ದೂರ ಹೋಗಿ, ತಿರುಗಿ, ಹೊರಟ ಜಾಗಕ್ಕೇ ಮರಳುವಷ್ಟು ಕಲಿತೆ. ಮಾರ್ಚ್ ತಿಂಗಳ ಮಧ್ಯಾಹ್ನದ ಗಾಳಿ ಶುರುವಾದ ಮೇಲೆ ಆ ಕಲಿಕೆ ಯಾವುದೂ ಉಪಯೋಗಕ್ಕೆ ಬರುತ್ತಿಲ್ಲ. ಕಳೆದ ಭಾನುವಾರ ಹಾಯಿಗೆ ಗಾಳಿ ತುಂಬಿದ ಕ್ಷಣವೇ ಅದು ನನ್ನನ್ನು ಮುಂದಕ್ಕೆ ಎಸೆಯಿತು. ಹಿಡಿದ ಬೂಮನ್ನು (ಹಾಯಿಯ ಅಡ್ಡ ಹಿಡಿಕೆಯನ್ನು) ಬಿಡಲು ತೋಚದೆ ಮಾಸ್ಟಿನ (ಹಾಯಿಯ ಕಂಬದ) ಮೇಲೆಯೇ ಬಿದ್ದು ಮೊಣಕೈ ತರಚಿಕೊಂಡೆ. ಕಲಿಸುವವರು ತಮಾಷೆಗೋ ನಿಜವಾಗಿಯೋ, ‘ಜೂನ್ ತನಕ ಕಾಯಿರಿ, ಒಳ್ಳೆಯ ಗಾಳಿ ಬರುತ್ತದೆ’ ಎಂದರು. ಹಾಗೆ ಕಾಯುವುದು ಸರಿಯೇ? ಈಗಿನ ಗಾಳಿಯಲ್ಲೇ ಬೀಳದಂತೆ ನಿಲ್ಲುವ ಉಪಾಯವೇನಾದರೂ ಇದೆಯೇ?

ಕೋಡಿಬಾಗದಿಂದ

ಮೊದಲು ಹಾಯಿಯ ಲೆಕ್ಕ ನೋಡೋಣ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್ ಇದ್ದ ಗಾಳಿ 15 ನಾಟ್ ಆದರೆ, ಎಂದರೆ ಗಂಟೆಗೆ ಸುಮಾರು 18.5 ಕಿ.ಮೀ.ಯಿಂದ 28 ಕಿ.ಮೀ.ಗೆ ಏರಿದರೆ, ನಿಮ್ಮ ಕೈಗೆ ಬರುವ ಎಳೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಜನವರಿಯಲ್ಲಿ ಹಿಡಿದ 5.5ರ ಹಾಯಿಯನ್ನೇ ಮಾರ್ಚ್ ಮಧ್ಯಾಹ್ನ ಮೂರು ಗಂಟೆಗೆ ಹಿಡಿದರೆ ನಿಮ್ಮನ್ನು ಎಸೆಯದೆ ಅದು ಇನ್ನೇನು ಮಾಡೀತು! 4 ಚದರ ಮೀಟರಿನದನ್ನು, ಸಿಕ್ಕರೆ 3.5ರದನ್ನು, ಕೇಳಿ ಪಡೆಯಿರಿ. ಬೋರ್ಡನ್ನು ಮಾತ್ರ ಬದಲಿಸಬೇಡಿ. ಅಗಲವಾದ ಬೋರ್ಡ್ ನಿಮಗೆ ಇನ್ನೂ ಕೆಲವು ತಿಂಗಳು ಬೇಕು. ಹಾಯಿಯ ಬುಡದ ಹಗ್ಗವನ್ನು ಚೆನ್ನಾಗಿ ಬಿಗಿದು ಕಟ್ಟಿದರೆ ಹಾಯಿಯ ಹೊಟ್ಟೆ ಚಪ್ಪಟೆಯಾಗಿ, ಗಾಳಿಯ ಏಟು ಬಂದಾಗ ಮೇಲ್ತುದಿ ತಾನೇ ಸಡಿಲಿ ಗಾಳಿಯನ್ನು ಬಿಟ್ಟುಕೊಡುತ್ತದೆ. ಬಾಡಿಗೆಯ ಹಾಯಿಗಳಲ್ಲಿ ಈ ಹಗ್ಗ ಸಡಿಲಾಗಿರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಇನ್ನು ಎತ್ತುವ ಬಗೆ. ನೀರಿನಲ್ಲಿ ಬಿದ್ದ ಹಾಯಿ ಗಾಳಿ ಹೋಗುವ ಕಡೆಗೆ, ನೀವು ಗಾಳಿಗೆ ಬೆನ್ನು ಕೊಟ್ಟು ನಿಂತಿರಬೇಕು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಕೊಡ ನೀರಿನಿಂದ ಮೇಲೇಳುವ ಗಳಿಗೆಯಲ್ಲಿ ಹಗ್ಗ ಹೇಗೆ ಭಾರವಾಗುತ್ತದೆಯೋ ಹಾಗೆಯೇ ಇಲ್ಲಿಯೂ ಮೊದಲ ಎಳೆತ ಭಾರ, ಏಕೆಂದರೆ ಹಾಯಿಯ ಮೇಲೆ ನೀರು ಕೂತಿರುತ್ತದೆ. ಸೊಂಟ ಬಗ್ಗಿಸದೆ, ಮಂಡಿ ಮಡಚಿ ಹಿಂದಕ್ಕೆ ವಾಲಿ, ನೀರು ಜಾರಿ ಹೋಗುವ ತನಕ ತಾಳಿದರೆ ಉಳಿದದ್ದು ಹಗುರವಾಗಿ ಏಳುತ್ತದೆ. ಎದ್ದ ಕೂಡಲೇ ಎರಡೂ ಕೈಯಲ್ಲಿ ಬೂಮ್ ಹಿಡಿಯುವುದೇ ಹೊಸಬರ ತಪ್ಪು. ಮುಂಗೈಯಿಂದ, ಎಂದರೆ ಬೋರ್ಡಿನ ಮೂತಿಯ ಕಡೆಗಿರುವ ಕೈಯಿಂದ, ಮಾಸ್ಟನ್ನು ಎದೆಯ ಮುಂದಿನಿಂದ ಗಾಳಿಯ ಕಡೆಗೆ, ಹಾಯಿ ತೂಕವಿಲ್ಲದಂತೆ ನಿಲ್ಲುವ ತನಕ, ಎಳೆದು ತನ್ನಿ. ಮುಂಗಾಲು ಮಾಸ್ಟಿನ ಪಕ್ಕದಲ್ಲಿರಲಿ, ಹಿಂಗಾಲು ಹಿಂದಕ್ಕೆ ಸರಿಯಲಿ. ಅದಾದ ಮೇಲೆ ಹಿಂಗೈ ಬೂಮಿಗೆ ಹೋಗಲಿ, ಅದೂ ಬಾಗಿಲನ್ನು ಮೆಲ್ಲನೆ ಮುಚ್ಚಿದ ಹಾಗೆ. ಎಳೆತ ಮಿತಿ ಮೀರಿತು ಎನಿಸಿದರೆ ಸಡಿಲಿಸಬೇಕಾದದ್ದು ಹಿಂಗೈಯನ್ನು. ಮುಂಗೈ ಬಿಟ್ಟರೆ ಹಾಯಿ ಇನ್ನಷ್ಟು ಗಾಳಿ ತುಂಬಿಕೊಂಡು ಬೀಳಿಸುತ್ತದೆ. ಬೋರ್ಡಿನ ನಡುವೆ ಡ್ಯಾಗರ್‌ಬೋರ್ಡ್ (ನೀರಿಗೆ ಇಳಿಬಿಡುವ ಹಲಗೆ) ಇದ್ದರೆ ವೇಗ ಬಂದಾಗ ಅದನ್ನು ಮೇಲೆತ್ತಿ, ಇಲ್ಲವಾದರೆ ಅದೇ ಬೋರ್ಡನ್ನು ಒಂದು ಅಂಚಿಗೆ ಮಗುಚುತ್ತದೆ. ಹಾರ್ನೆಸ್ (ಮೈಯನ್ನು ಬೂಮಿಗೆ ಸಿಕ್ಕಿಸುವ ಕೊಕ್ಕೆಯ ಪಟ್ಟಿ) ಕಟ್ಟಿಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಡಿ.

ಕಡಲು ತೀರಾ ಅಲ್ಲಾಡುತ್ತದೆ ಎನಿಸಿದರೆ ಕಾಳಿ ನದಿಯ ಅಳಿವೆಯ ಒಳಗೆ ಅಭ್ಯಾಸ ಮಾಡಬಹುದು. ಅಲ್ಲಿ ನೀರು ಸಮತಟ್ಟಾಗಿರುತ್ತದೆ.

ಬಲೆ ಮನೆಯವ

ಕೋಡಿಬಾಗದವರು ಹಾಯಿಯ ಬಗ್ಗೆ ಬರೆದದ್ದೆಲ್ಲ ಸರಿ, ಆದರೆ ಕೊನೆಯ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಲಿ. ಇಳಿತದ ಹೊತ್ತಿನಲ್ಲಿ ಕಾಳಿಯ ನೀರು ಕಡಲಿಗೆ ಓಡುತ್ತದೆ, ಮಧ್ಯಾಹ್ನದ ಗಾಳಿ ಅದಕ್ಕೆದುರಾಗಿ ಒಳಗೆ ಬೀಸುತ್ತದೆ; ಎರಡೂ ಗುದ್ದಾಡುವ ಅಳಿವೆಯ ಬಾಯಲ್ಲಿ ಅಲೆ ಗಿಡ್ಡಗೆ, ಕಡಿದಾಗಿ ಎದ್ದು ನಿಲ್ಲುತ್ತದೆ. ಹಾಯಿ ಬಿದ್ದ ಬೋರ್ಡಿನ ಮೇಲೆ ಕುಳಿತವನಿಗೆ ಆ ಸೆಳೆತಕ್ಕೆದುರು ಕೈಯಲ್ಲಿ ಹುಟ್ಟು ಹಾಕಿ ದಡ ಸೇರಲಾಗದು. ಸೇತುವೆಯ ಕಂಬಗಳ ಸುತ್ತ ನೀರು ಸುಳಿಯುವುದನ್ನು ಮೇಲೆ ನಿಂತು ಒಮ್ಮೆ ನೋಡಿ, ನಂತರ ತೀರ್ಮಾನಿಸಿ.

ಗಾಳಿ ಎಷ್ಟು ಜೋರು ಎಂದು ಕೇಳುವ ಮೊದಲು ಅದು ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಕೇಳಿಕೊಳ್ಳಬೇಕು. ಬೆಳಿಗ್ಗೆ ಘಟ್ಟದ ಕಡೆಯಿಂದ ಬರುವ ಮೂಡುಗಾಳಿ ತಣ್ಣಗೆ ಹಿತವಾಗಿರುತ್ತದೆ, ದಡದ ಬಳಿ ಅಲೆಯೂ ಇರುವುದಿಲ್ಲ. ಆದರೆ ಅದು ಒಯ್ಯುವುದು ದೇವಗಡ ದ್ವೀಪದ ದಿಕ್ಕಿಗೆ, ಹೊರಗಡಲಿಗೆ. ಮಧ್ಯಾಹ್ನ ನೆಲ ಕಾದ ಮೇಲೆ ವಾಯವ್ಯದಿಂದ ಬರುವ ಗಾಳಿ ಒರಟಾದರೂ ಟಾಗೋರ್ ಕಡಲತೀರದ ಮರಳಿಗೇ ಓರೆಯಾಗಿ ತಂದು ಹಾಕುತ್ತದೆ. ಕಲಿಯುವವನಿಗೆ ಈ ಒರಟು ಗಾಳಿಯೇ ಮೇಲು ಎಂದು ನನ್ನ ಅಭಿಪ್ರಾಯ. ಬೈತಖೋಲದ ಬಂದರಿನಿಂದ ದೂರವಿರಲು ಕಡಲತೀರದ ಉತ್ತರದ ಅರ್ಧದಲ್ಲಿ ಇಳಿಯಿರಿ, ಅಳಿವೆಗೆ ಮಾತ್ರ ತೀರಾ ಹತ್ತಿರ ಹೋಗಬೇಡಿ. ದಿನ ಆರಿಸಿಕೊಳ್ಳುವಾಗ ಪಂಚಾಂಗ ನೋಡಿ: ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ನೀರಿನ ಮೇಲೆ ಸಾಲಾಗಿ ತೇಲುವ ಬೆಂಡು ಕಂಡರೆ ಕೆಳಗೆ ಬಲೆಯಿದೆ ಎಂದೇ ತಿಳಿಯಿರಿ. ಬೋರ್ಡಿನ ಅಡಿಯ ರೆಕ್ಕೆ (ಫಿನ್) ಸಿಕ್ಕಿಕೊಂಡರೆ ನಿಮಗೂ ಕಷ್ಟ, ಬಲೆಯವನಿಗೂ ನಷ್ಟ.

ಜೂನ್ ತನಕ ಕಾಯಿರಿ ಎಂದವರು ತಮಾಷೆಗೇ ಹೇಳಿರಲಿ ಎಂದು ಆಶಿಸುತ್ತೇನೆ. ಮುಂಗಾರಿನ ಗಾಳಿಯೊಂದಿಗೆ ಬರುವುದು ಸಾಲುಸಾಲಾಗಿ ಒಡೆಯುವ ತೆರೆ ಮತ್ತು ಕೆಂಪು ನೀರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ನೀವು ಕೈ ಬೀಸಿದರೆ ಕಂಡು ಹತ್ತಿರ ಬರುವ ದೋಣಿಯೂ ಸಿಗದು.

ಕೋಡಿಬಾಗದಿಂದ

ಅಳಿವೆಯ ಮಾತನ್ನು ಹಿಂತೆಗೆದುಕೊಂಡೆ. ನಾನು ಹೋಗುತ್ತಿದ್ದುದು ಉಬ್ಬರ ಏರುವ ಹೊತ್ತಿನಲ್ಲಿ ಮಾತ್ರ, ಅದನ್ನು ಬರೆಯದೆ ಬಿಟ್ಟದ್ದು ತಪ್ಪು. ಇನ್ನೊಂದು ಮಾತು: ಏನೇ ಆದರೂ ಬೋರ್ಡನ್ನು ಬಿಟ್ಟು ಈಜಲು ಹೋಗಬೇಡಿ. ಬೋರ್ಡ್ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಈಜುವವನ ತಲೆ ಅಲೆಗಳ ನಡುವೆ ತೆಂಗಿನಕಾಯಿಯಷ್ಟೂ ಕಾಣಿಸದು. ಹಾಯಿಯನ್ನು ನೀರಿಗೆ ಬಿಟ್ಟು, ಬೋರ್ಡಿನ ಮೇಲೆ ಮಂಡಿಯೂರಿ, ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ಮೇಲೆ ಕೆಳಗೆ ಆಡಿಸುವುದು ಸಹಾಯ ಬೇಕೆಂಬುದಕ್ಕೆ ಎಲ್ಲೆಡೆ ನಡೆಯುವ ಸನ್ನೆ.

ಘಟ್ಟದ ಮೇಲಿನವ

ಇಬ್ಬರಿಗೂ ಕೃತಜ್ಞತೆಗಳು. ಪಂಚಾಂಗ ನಮ್ಮ ಮನೆಯ ಗೋಡೆಯ ಮೇಲೆಯೇ ಇದೆ, ಅದನ್ನು ಕಡಲಿಗಾಗಿ ನೋಡಬಹುದೆಂದು ಮಾತ್ರ ತಿಳಿದಿರಲಿಲ್ಲ. ಬರುವ ಶನಿವಾರ ಅಷ್ಟಮಿ. 4 ಚದರ ಮೀಟರಿನ ಹಾಯಿಯನ್ನು ತೆಗೆದಿಡಲು ಫೋನ್ ಮಾಡಿ ಹೇಳಿದ್ದೇನೆ. ನೀರಿಗೆ ಎಷ್ಟು ಗಂಟೆಗೆ ಇಳಿಯಲಿ?

ಬಲೆ ಮನೆಯವ

ಗಾಳಿ ತಿರುಗುವ ತನಕ ದಡದಲ್ಲೇ ಕುಳಿತಿರಿ. ಸಾಮಾನ್ಯವಾಗಿ ಹನ್ನೊಂದರ ಮೇಲೆ ಮೂಡುಗಾಳಿ ಸತ್ತು, ಸ್ವಲ್ಪ ಹೊತ್ತು ಎಲೆಯೂ ಅಲುಗದೆ ಸೆಕೆಯಾಗುತ್ತದೆ. ಆ ಬಳಿಕ ಪಡುವಣದಿಂದ ಮೊದಲ ಗಾಳಿ ಮುಖಕ್ಕೆ ತಾಗಿದಾಗ ಇಳಿದರೆ ಅದು ಜೋರಾಗುವ ಮುನ್ನ ನಿಮಗೆ ಒಂದೆರಡು ಗಂಟೆಯ ಅಭ್ಯಾಸ ಸಿಗುತ್ತದೆ. ನೀರಿನ ಮೇಲೆಲ್ಲ ಬಿಳಿ ನೊರೆ ಮೂಡಿದಾಗ ಮೇಲಕ್ಕೆ ಬನ್ನಿ.