‘ಸ್ಪಂದನಾ ಸಮಯ’ ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ಬಲ್ಲವರಲ್ಲಿ ಒಂದು ವಿಚಾರಣೆ. ತೀರ್ಥಹಳ್ಳಿ ಕಡೆಯ ನಮ್ಮ ಊರಿನ ಗ್ರಾಮಸಭೆಗೆಂದು ಅಗ್ನಿಶಾಮಕ ಸೇವೆಯ ಕುರಿತು ಎರಡು ಪುಟದ ಮನವಿ ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ನೆರೆಮನೆಯ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು, ಕೊಟ್ಟಿಗೆಗೂ ಹತ್ತಿತು. ವಾಹನ ಬರುವಷ್ಟರಲ್ಲಿ ಉಳಿದದ್ದು ಬೂದಿ. ದನಗಳ ಹಗ್ಗ ಕೊಯ್ದು ಓಡಿಸಿದ್ದರಿಂದ ಅವು ಬದುಕಿದವು. ಆಗಿನ ತಡವನ್ನು ಬರೆಯಲು ಕುಳಿತರೆ ಸರಿಯಾದ ಪದವೇ ಸಿಗುತ್ತಿಲ್ಲ.

ರೆಸ್ಪಾನ್ಸ್ ಟೈಮ್ ಎಂಬುದಕ್ಕೆ ‘ಸ್ಪಂದನಾ ಸಮಯ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಸ್ಪಂದ ಎಂದರೆ ಮಿಡಿತ, ಅದುರು. ಇಂದಿನ ಕನ್ನಡದಲ್ಲಿ ‘ಅಧಿಕಾರಿಗಳು ಸ್ಪಂದಿಸಿದರು’ ಎಂದರೆ ಅಹವಾಲಿಗೆ ಕಿವಿಗೊಟ್ಟರು ಎಂದಷ್ಟೇ ಆಗಬಹುದು. ಹಾಗಾದರೆ 101ಕ್ಕೋ 112ಕ್ಕೋ ಮಾಡಿದ ಕರೆಯನ್ನು ಎತ್ತಿಕೊಂಡರೂ ಸ್ಪಂದನೆಯೇ, ವಾಹನ ಠಾಣೆ ಬಿಟ್ಟರೂ ಸ್ಪಂದನೆಯೇ. ಮನೆ ಉರಿಯುತ್ತಿರುವವನಿಗೆ ಬೇಕಾದದ್ದು ಬೆಂಕಿಯ ಮೇಲೆ ನೀರು ಬೀಳುವುದು. ಪತ್ರಿಕೆಗಳ ‘ಸ್ಥಳಕ್ಕೆ ಧಾವಿಸಿ ಬೆಂಕಿ ನಂದಿಸಿದರು’ ಎಂಬ ವಾಕ್ಯವೂ ಹಾಗೆಯೇ: ಹತ್ತು ನಿಮಿಷಕ್ಕೂ ಧಾವಿಸುವುದೇ, ಒಂದೂವರೆ ಗಂಟೆಗೂ ಧಾವಿಸುವುದೇ.

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 1710ನೆಯ ಮಾನದಂಡ ಇದನ್ನು ತುಂಡು ತುಂಡಾಗಿ ಅಳೆಯುತ್ತದೆ. ಬೆಂಕಿಯ ಕರೆ ಬಂದಾಗ ಸಿಬ್ಬಂದಿ ಸಜ್ಜಾಗಿ ಹೊರಡಲು 80 ಸೆಕೆಂಡು, ಮೊದಲ ವಾಹನದ ದಾರಿಗೆ 240 ಸೆಕೆಂಡು. ಅದು ಅಲ್ಲಿನ ಪಟ್ಟಣಗಳ ಲೆಕ್ಕ, ನಮ್ಮ ಘಟ್ಟದ ತಿರುವುಗಳಿಗೆ ಹೊಂದದು. ಆದರೆ ಬಿಡಿಸಿ ಅಳೆಯುವ ಕ್ರಮ ನಮಗೂ ಬೇಕು, ಏಕೆಂದರೆ ಒಂದೊಂದು ತುಂಡಿಗೆ ಒಂದೊಂದು ಮದ್ದು. ಹೊರಡುವುದು ತಡವಾದರೆ ಅಭ್ಯಾಸವೋ ಸಿಬ್ಬಂದಿಯೋ ಸಾಲದು. ದಾರಿ ತಡವಾದರೆ ರಸ್ತೆಯೋ ಠಾಣೆಯೋ ಬೇಕು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಾಗರದಿಂದ ತುಮರಿಗೆ ಹೊರಟ ಯಾವ ವಾಹನವೂ ಲಾಂಚ್ ಕಾಯಬೇಕಿತ್ತು, ಇಲ್ಲವೇ ಬಹುದೂರ ಸುತ್ತಬೇಕಿತ್ತು. ಠಾಣೆಯವರು ಎಷ್ಟು ಚುರುಕಾಗಿದ್ದರೇನು!

ನಾನು ಗುರುತು ಹಾಕಿಕೊಂಡದ್ದು: ಕರೆ ಮುಟ್ಟಿದ ಹೊತ್ತು, ಠಾಣೆ ಬಿಟ್ಟ ಹೊತ್ತು, ಸ್ಥಳ ಸೇರಿದ ಹೊತ್ತು, ನೀರು ಬಿದ್ದ ಹೊತ್ತು. ಇವು ಗಡಿಯಾರದ ಗಳಿಗೆಗಳು. ಆದರೆ ‘ಎಷ್ಟು ಹೊತ್ತು ಹಿಡಿಯಿತು’ ಎನ್ನುವಾಗ ಅದೇ ಮಾತು ಅವಧಿಯೂ ಆಗುತ್ತದೆ. ಗಳಿಗೆಗೆ ‘ಹೊತ್ತು’, ನಡುವಿನ ಅಂತರಕ್ಕೆ ‘ಅವಧಿ’ ಎಂದು ಗೆರೆ ಎಳೆದರೆ ಓದುಗರಿಗೆ ತೊಡಕಾದೀತೇ? ಬೆಂಕಿ ‘ಹೊತ್ತು’ವುದೂ ಪಕ್ಕದಲ್ಲೇ ಇದೆ. ಹಳಗನ್ನಡದಲ್ಲಿ ಕಾಲದ ಪದ ‘ಪೊೞ್ತು’, ಉರಿಯುವ ಕ್ರಿಯೆ ‘ಪೊತ್ತು’. ೞಕಾರ ಅಳಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ‘ಹೊತ್ತಿದ ಹೊತ್ತು’ ನನಗಂತೂ ಇಷ್ಟವಾಗಿದೆ. ಅದನ್ನು ಮಾತ್ರ ಠಾಣೆಯ ಪುಸ್ತಕ ಹೇಳಲಾರದು, ಊರವರೇ ಹೇಳಬೇಕು.

‘ಪರ್ಫಾರ್ಮೆನ್ಸ್’ಗೆ ‘ಸಾಧನೆ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಹೋದ ಕರೆಗಳ ಸಂಖ್ಯೆ ಸಾಧನೆಯಾದರೆ, ಬೆಂಕಿ ಬೀಳದಂತೆ ತಡೆದ ವರ್ಷ ಸೋತ ವರ್ಷವಾಗುತ್ತದೆ. ‘ಕಾರ್ಯಕ್ಷಮತೆ’ ಎಂದರೆ ಮಾಡಬಲ್ಲ ಶಕ್ತಿ, ಮಾಡಿದ್ದಲ್ಲ. ‘ಸರಾಸರಿ’ಯೂ ಬೇಡ, ಪೇಟೆಯ ಹತ್ತಾರು ಬೇಗದ ಕರೆಗಳ ಮರೆಯಲ್ಲಿ ಕಾಡಂಚಿನ ಒಂಟಿಮನೆಯ ಒಂದು ತಡದ ಕರೆ ಕಾಣೆಯಾಗುತ್ತದೆ. ‘ಹತ್ತರಲ್ಲಿ ಒಂಬತ್ತು ಕರೆಗಳಿಗೆ ಇಷ್ಟು ನಿಮಿಷದೊಳಗೆ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಮಾತಿದ್ದರೆ ತಿಳಿಸಿ.

ಕೊನೆಯದಾಗಿ, ದೂರಕ್ಕೆ ನಮ್ಮಲ್ಲಿ ‘ಕೂಗಳತೆ’ ಇದೆ. ಕೂಗಿದವನಿಗೆ ನೆರವು ಮುಟ್ಟುವಷ್ಟು ಕಾಲಕ್ಕೆ, ಹೊಸನಗರ, ಸಾಗರ, ಶೃಂಗೇರಿ ಕಡೆಯ ಹಿರಿಯರ ಬಾಯಲ್ಲಿ ಅಂಥದೇ ಪದ ಕೇಳಿದ್ದೀರಾ?