ಸಾರ್ವೆ ಹಲಗೆ ಜಾರ್ತು, ಪುಟ್ಟಿ ಧೂಳಿಗೆ ಎಲ್ರಿಗೂ ಕೆಮ್ಮು – ಇನ್ಸ್‌ಪೆಕ್ಷನ್‌ಗೆ ಮುಂಚೆ ಏನೇನು ನೋಡ್ಬೇಕು?

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ನಮ್ಮಣ್ಣ ತುಮಕೂರಲ್ಲಿ ಗಾರೆ ಮೇಸ್ತ್ರಿ, ಹೋದ ತಿಂಗಳಿಂದ ನಾನೂ ಸೈಟ್ ನೋಡ್ಕೊತಿದೀನಿ, ಮೂರು ಫ್ಲೋರ್ ಮನೆ, ಹೊರಗಡೆ ಪ್ಲಾಸ್ಟರಿಂಗು ಒಳಗಡೆ ಪುಟ್ಟಿ ಮತ್ತೆ ಜಿಪ್ಸಮ್ ಸೀಲಿಂಗು, ಒಟ್ಟು 12 ಜನ. ಮೊನ್ನೆ ಸಾರ್ವೆ (ಎತ್ತರದಲ್ಲಿ ನಿಂತು ಕೆಲಸ ಮಾಡೋಕೆ ಕಂಬ ನಿಲ್ಸಿ ಕಟ್ಟೋದು) ಹಲಗೆ ಜಾರಿ ಒಬ್ಬ ಹುಡುಗ ಬೀಳೋದ್ರಲ್ಲಿದ್ದ, ಕಂಬ ಹಿಡ್ಕೊಂಡು ಉಳ್ಕೊಂಡ. ಅವತ್ತಿಂದ ನಂಗೆ ನಿದ್ದೆ ಇಲ್ಲ. ಪುಟ್ಟಿ ಉಜ್ಜೋರು ಮುಖಕ್ಕೆ ಟವೆಲ್ ಕಟ್ಕೊತಾರೆ, ಆದ್ರೂ ಸಾಯಂಕಾಲ ಕೆಮ್ಮು. ಲೇಬರ್ ಇನ್ಸ್‌ಪೆಕ್ಟರ್ ಬಂದ್ರೆ ಏನು ನೋಡ್ತಾರೆ, ಅದಕ್ಕೆ ಮುಂಚೆ ನಾವೇನು ಸರಿ ಮಾಡ್ಕೋಬೇಕು?

ಉತ್ತರ 1:
ತಮ್ಮಾ, ಇನ್ಸ್‌ಪೆಕ್ಟರ್ ಬರೋದು ಯಾವತ್ತೋ, ಹುಡುಗರು ಸಾರ್ವೆ ಹತ್ತೋದು ದಿನಾ, ಅದಕ್ಕೆ ಬೆಳಿಗ್ಗೆ ಯಾರೂ ಹತ್ತೋ ಮುಂಚೆ ಒಂದು ಸುತ್ತು ನೀನೇ ನೋಡು. ಹಲಗೆ ಎರಡೂ ತುದಿ ಕಟ್ಟಿರ್ಬೇಕು, ಒಂದೇ ಹಲಗೆ ಮೇಲೆ ಕೆಲಸ ಬೇಡ, ಸೊಂಟದ ಮಟ್ಟಕ್ಕೆ ಅಡ್ಡ ಕಟ್ಟಿಸು. ಮಳೆ ಬಂದ ಮಾರನೇ ದಿನ ಕಂಬದ ಬುಡ ಮಣ್ಣಲ್ಲಿ ಇಳಿದಿದ್ಯಾ ನೋಡು. ಎಲ್ಲಕ್ಕಿಂತ ಮುಖ್ಯ, ಪ್ಲಾಸ್ಟರ್ ಮಾಡೋವಾಗ ಗೋಡೆ ತೂತು ಮುಚ್ಚೋಕೆ ಅಂತ ಸಾರ್ವೆನ ಗೋಡೆಗೆ ಬಿಗಿದ ಕಟ್ಟು ಬಿಚ್ತಾರೆ, ವಾಪಸ್ ಕಟ್ಟೋದು ಮರೀತಾರೆ. ಮೂವತ್ತು ವರ್ಷದಲ್ಲಿ ನಾನು ನೋಡಿದ ಸಾರ್ವೆಗಳು ಬಿದ್ದಿದ್ದೆಲ್ಲಾ ಹೆಚ್ಚುಕಮ್ಮಿ ಹಿಂಗೇ.

ಉತ್ತರ 2:
ಟವೆಲ್‌ನಿಂದ ಪ್ರಯೋಜನ ಇಲ್ಲ ಬ್ರದರ್. ಕಣ್ಣಿಗೆ ಕಾಣೋ ಧೂಳು ಮೂಗಲ್ಲೇ ನಿಲ್ಲುತ್ತೆ, ಕಾಣದೇ ಇರೋ ಸಣ್ಣದು ಶ್ವಾಸಕೋಶದ ಒಳಗೇ ಹೋಗುತ್ತೆ. ಪುಟ್ಟಿಗಿಂತ ಪ್ಲಾಸ್ಟರ್ ಗ್ರೈಂಡಿಂಗು, ವೈರಿಂಗ್‌ಗೆ ಗೋಡೆ ಕಟಿಂಗು ಇನ್ನೂ ಕೆಟ್ಟದು, ಮರಳಲ್ಲಿರೋ ಸಿಲಿಕಾ ಪುಡಿ ಆಗಿ ಬರುತ್ತೆ, ಅದರಿಂದ ಬರೋ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ವರ್ಷಗಟ್ಟಲೆ ಆದ್ಮೇಲೆ ಗೊತ್ತಾಗೋದು, ಬಂದ್ರೆ ವಾಸಿ ಆಗಲ್ಲ, ಟಿಬಿ ಬೇರೆ ಬೇಗ ಹತ್ಕೊಳುತ್ತೆ. ಮುಖಕ್ಕೆ ಸರಿಯಾಗಿ ಕೂರೋ ಎನ್95 ಮಾಸ್ಕ್ ಕೊಡ್ಸಿ. ಧೂಳನ್ನ ಒಣಗಿದ್ದಂಗೇ ಗುಡಿಸ್ಬೇಡಿ, ನೀರು ಚಿಮುಕ್ಸಿ. ಕೆಮ್ಮು ಬಿಡದೇ ಇರೋರನ್ನ ಎಕ್ಸ್‌ರೇಗೆ ಕಳ್ಸಿ.

ಉತ್ತರ 3:
ಇನ್ಸ್‌ಪೆಕ್ಷನ್ ವಿಷ್ಯ: 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿಂದಲೂ 10 ಜನ ಅಥವಾ ಜಾಸ್ತಿ ಇರೋ ಕಡೆ ಹಾಜರಿ-ಸಂಬಳದ ಪುಸ್ತಕ, ಕುಡಿಯೋ ನೀರು, ಶೌಚಾಲಯ, ಫಸ್ಟ್ ಏಡ್ ಡಬ್ಬಿ ಇರ್ಬೇಕು. 18ರಿಂದ 60 ವಯಸ್ಸಿನೋರು, ವರ್ಷದಲ್ಲಿ 90 ದಿನ ಕೆಲಸ ಮಾಡಿದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಮಾಡ್ಸಿ. ಹಸಿ ಸಿಮೆಂಟಲ್ಲಿ ಬರಿಗೈ ಹಾಕ್ಬಾರ್ದು, ಸುಡುತ್ತೆ. ಕಣ್ಣಿಗೆ ಬಿದ್ರೆ ಉಜ್ಜದೆ 20 ನಿಮಿಷ ನೀರಲ್ಲಿ ತೊಳ್ದು ಆಸ್ಪತ್ರೆಗೆ ಓಡಿ.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ಅಣ್ಣನ್ನ ಕರ್ಕೊಂಡು ಸುತ್ತಿದೆ, ಹಿಂದಿನ ಗೋಡೆ ಕಡೆ ಎರಡು ಕಟ್ಟು ಬಿಚ್ಚಿ ಹಂಗೇ ಬಿಟ್ಟಿದ್ರು. ಕಟ್ಸಿದ್ಮೇಲೇ ಜನ ಹತ್ಸಿದ್ದು.