ಅಮ್ಮನಿಗೆ ಗೆಫಿಟಿನಿಬ್ ನಾಟುತ್ತಿಲ್ಲ, ಯಾಕೆ?

ಪ್ರಶ್ನೆ (ತೀರ್ಥಹಳ್ಳಿ): ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಬೀಡಿ ಮುಟ್ಟಿದವರಲ್ಲ. ಇಜಿಎಫ್‌ಆರ್ ಮ್ಯುಟೇಶನ್ (ಕೋಶ ಬೆಳೆಯಲು ಹೇಳುವ ಜೀನಿನಲ್ಲಿ ಬದಲಾವಣೆ) ಇದೆ ಅಂತ ಅದನ್ನು ತಡೆಯುವ ಗೆಫಿಟಿನಿಬ್ ಮಾತ್ರೆ ಕೊಟ್ಟಿದ್ದರು. ಕೆಮ್ಮು ನಿಂತು, ಕೊನೆಕೊಯ್ಲಿನ ಹೊತ್ತಿಗೆ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂತಿದ್ದರು. ಈಗ ಸ್ಕ್ಯಾನಲ್ಲಿ ಗಡ್ಡೆ ಮತ್ತೆ ಬೆಳೆದಿದೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ.

ಉತ್ತರ: ಅಮ್ಮನ ತಪ್ಪು ಏನೂ ಇಲ್ಲ ಮಾರಾಯ್ರೆ. ಔಷಧಿಗೆ ಜಗ್ಗದ ಜೀವಕೋಶಗಳು ಉಳಿದುಕೊಂಡು ಅವೇ ಬೆಳೆಯುತ್ತವೆ. ಸುಮಾರು ಅರ್ಧದಷ್ಟು ಜನರಲ್ಲಿ ಕಾರಣ ಟಿ790ಎಂ ಎಂಬ ಇನ್ನೊಂದು ಮ್ಯುಟೇಶನ್: ಇಜಿಎಫ್‌ಆರ್ ಪ್ರೋಟೀನಿನ 790ನೇ ಜಾಗದಲ್ಲಿ ಥ್ರಿಯೊನಿನ್ ಎಂಬ ಅಮೈನೋ ಆಮ್ಲ ಹೋಗಿ ಮೆಥಿಯೊನಿನ್ ಬಂದಿರುತ್ತದೆ. ಅದಕ್ಕೆ ಒಸಿಮರ್ಟಿನಿಬ್ ಅಂತ ಬೇರೆ ಮಾತ್ರೆ ಇದೆ. ಟಿ790ಎಂ ಇದೆಯಾ ಅಂತ ರಕ್ತದಲ್ಲೇ ಪರೀಕ್ಷೆ ಮಾಡಬಹುದು. ಅದರಲ್ಲಿ ಸಿಗದಿದ್ದರೆ ಬಯಾಪ್ಸಿಗೆ (ಗಡ್ಡೆಯ ಚೂರು ತೆಗೆದು ನೋಡುವುದಕ್ಕೆ) ಹಿಂಜರಿಯಬೇಡಿ.

ಇನ್ನೊಬ್ಬರು: ಮೆಟ್ ಎಂಬ ಇನ್ನೊಂದು ಜೀನಿನ ಪ್ರತಿಗಳು ಹೆಚ್ಚಾಗಿವೆಯಾ ಅಂತಲೂ ಕೇಳಿ, ಕೆಲವರಲ್ಲಿ ಕ್ಯಾನ್ಸರ್ ಔಷಧಿಯಿಂದ ತಪ್ಪಿಸಿಕೊಳ್ಳುವ ಅಡ್ಡದಾರಿ ಅದೇ. ಡಾಕ್ಟರ್ ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು: ನಾಡಿದ್ದು ಶಿವಮೊಗ್ಗಕ್ಕೆ ಹೋಗ್ತಿದೀವಿ. ಎರಡೂ ಬರೆದಿಟ್ಟುಕೊಂಡೆ.